ಏಜೆಂಟ್ ಮಾತು ನಿಲ್ಲಿಸಿದಾಗಲೇ ಗಂಟೆ ಬಾರಿಸಬೇಕು

ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಕಂಪನಿ, ಸರ್ಕಾರಿ ಕಚೇರಿ ಹೀಗೆ ಹತ್ತಾರು ಸರ್ವರ್‌ಗಳನ್ನು ನಂಬಿ ನಡೆಯುವ ಕಡೆಯಲ್ಲೆಲ್ಲ ಅವುಗಳ ಮೇಲೆ ಕಣ್ಣಿಡುವ ಮಾನಿಟರಿಂಗ್ ವ್ಯವಸ್ಥೆಯೂ ಇರುತ್ತದೆ. ಪ್ರತಿ ಸರ್ವರ್‌ನೊಳಗೆ ಏಜೆಂಟ್ ಎಂಬ ಪುಟ್ಟ ತಂತ್ರಾಂಶ ಕೂತು, ಡಿಸ್ಕ್ ಎಷ್ಟು ತುಂಬಿದೆ, ಮೆಮೊರಿ ಎಷ್ಟು ಉಳಿದಿದೆ, ಯಾವ ಸೇವೆ ನಿಂತಿದೆ ಎಂದು ಕೇಂದ್ರಕ್ಕೆ ವರದಿ ಒಪ್ಪಿಸುತ್ತದೆ. ಡಿಸ್ಕ್ ತುಂಬಿದರೆ ಪರದೆ ಕೆಂಪಾಗುತ್ತದೆ, ಕರ್ತವ್ಯದಲ್ಲಿದ್ದವರ ಫೋನ್ ಹೊಡೆದುಕೊಳ್ಳುತ್ತದೆ. ಏಜೆಂಟ್‌ನ ಸಂಪರ್ಕವೇ ಕಡಿದರೆ ಮಾತ್ರ ಬಹಳ ಕಡೆ ಒಂದು ಬೂದು ಗುರುತು ಮೂಡುತ್ತದೆ, ಅಷ್ಟೆ. ಅದು 'ಆಮೇಲೆ ನೋಡೋಣ' ಎಂಬ ಪಟ್ಟಿಗೆ ಸೇರಿಬಿಡುತ್ತದೆ. ಈ ರೂಢಿ ಅಪಾಯಕಾರಿ. ಡಿಸ್ಕ್ ತುಂಬಿದ ಸರ್ವರ್‌ನ ತೊಂದರೆ ಏನೆಂದು ನಮಗೆ ಗೊತ್ತು. ಸಂಪರ್ಕ ಕಡಿದ ಸರ್ವರ್‌ನಲ್ಲಿ ಏನಾಗುತ್ತಿದೆ ಎಂಬುದು ಒಂದಿಷ್ಟೂ ಗೊತ್ತಿಲ್ಲ. ಹಾಗಿರುವಾಗ ಎರಡನೆಯದಕ್ಕೇ ಮೊದಲು ಓಡಬೇಕು.

ಹೀಗೆ ಹೇಳಲು ಬಲವಾದ ಆಧಾರಗಳಿವೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಕಡಿತವಾಯಿತು. ಎರಡೂ ದೇಶಗಳ ಜಂಟಿ ಕಾರ್ಯಪಡೆ ಮರುವರ್ಷ ನೀಡಿದ ವರದಿಯಲ್ಲಿ ಆ ಮಧ್ಯಾಹ್ನದ ವಿವರಗಳೆಲ್ಲ ಇವೆ. ಓಹಿಯೊದ ಫಸ್ಟ್‌ಎನರ್ಜಿ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ 2.14ರ ನಂತರ ಅಲಾರಂ ತಂತ್ರಾಂಶ ನಿಂತುಹೋಯಿತು. ನಿಂತಿದೆ ಎಂದು ತಿಳಿಸುವ ಬೇರೊಂದು ಅಲಾರಂ ಅಲ್ಲಿರಲಿಲ್ಲ. 2.27ಕ್ಕೆ 345 ಕಿಲೋವೋಲ್ಟ್‌ನ ಒಂದು ಮಾರ್ಗ ಟ್ರಿಪ್ ಆಗಿ ಮತ್ತೆ ಕೂಡಿಕೊಂಡಿತು. ನೆರೆಯ ಕಂಪನಿಯವರು ಫೋನ್ ಮಾಡಿ ವಿಚಾರಿಸಿದರು. ಇವರಿಗೆ ಅಂಥದ್ದೇನೂ ಕಂಡಿರಲಿಲ್ಲ. 2.41ಕ್ಕೆ ಸರ್ವರ್ ಕೆಟ್ಟಾಗ ಐಟಿ ಸಿಬ್ಬಂದಿಗೆ ಸೂಚನೆ ಹೋಯಿತು, ಅವರು ಅದನ್ನು ಮತ್ತೆ ಚಾಲೂ ಮಾಡಿದ್ದೂ ಆಯಿತು. ಆದರೆ ಅಲಾರಂಗಳು ಬರುತ್ತಿವೆಯೇ ಎಂದು ನಿಯಂತ್ರಣ ಕೊಠಡಿಯ ಆಪರೇಟರ್‌ಗಳನ್ನು ಕೇಳಿ ಖಚಿತಪಡಿಸಿಕೊಳ್ಳಲಿಲ್ಲ. 3.05ರಿಂದ ಮಾರ್ಗಗಳು ಮರಕ್ಕೆ ತಗುಲಿ ಒಂದೊಂದಾಗಿ ಕಳಚಿಕೊಂಡವು, 4.13ರ ಹೊತ್ತಿಗೆ ಆ ಭಾಗದ ಬಹುಪಾಲು ಜಾಲ ಕುಸಿದಿತ್ತು. ಸವರದೆ ಬಿಟ್ಟ ಮರಗಳೂ ಕಾರಣ, ನಿಜ. ಆದರೂ ಆಪರೇಟರ್‌ಗಳಿಗೆ ತಾವು ಕುರುಡಾಗಿದ್ದೇವೆ ಎಂಬುದು ಗೊತ್ತಾಗಿದ್ದರೆ, ಹೊರೆ ಇಳಿಸಲು ಕೈಯಲ್ಲಿ ಸಮಯವಿತ್ತು.

2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ 14 ಕೋಟಿಗೂ ಹೆಚ್ಚು ಜನರ ಮಾಹಿತಿ ಕಳುವಾದಾಗಲೂ ಇಂಥದ್ದೇ ನಡೆದಿತ್ತು. ಜಾಲದ ಸಂಚಾರವನ್ನು ತಪಾಸಣೆ ಮಾಡಬೇಕಿದ್ದ ಸಾಧನದ ಡಿಜಿಟಲ್ ಪ್ರಮಾಣಪತ್ರದ ಅವಧಿ ತಿಂಗಳುಗಳ ಹಿಂದೆಯೇ ಮುಗಿದಿತ್ತು. ಸಾಧನ ಚಾಲೂ ಇತ್ತು, ಆದರೆ ಗೂಢಲಿಪಿಯಲ್ಲಿದ್ದ ಸಂಚಾರ ಅದಕ್ಕೆ ಕಾಣುತ್ತಿರಲಿಲ್ಲ. ಜುಲೈ 29ರಂದು ಹೊಸ ಪ್ರಮಾಣಪತ್ರ ಹಾಕಿದೊಡನೆ ಅನುಮಾನಾಸ್ಪದ ಸಂಚಾರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಕಳ್ಳರು ಒಳಗೆ ಸೇರಿ ಎರಡು ತಿಂಗಳು ದಾಟಿತ್ತು.

ಸಂಪರ್ಕ ಕಡಿದ ಏಜೆಂಟನ್ನು ಮತ್ತೆ ಮಾತಾಡಿಸುವುದು ಮಹಾವಿದ್ಯೆಯೇನಲ್ಲ. ದೋಷ ತಾನೇ ಸುಳಿವು ಕೊಡುತ್ತದೆ, ಅದನ್ನು ಓದುವ ತಾಳ್ಮೆ ಬೇಕು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜ್ಯಾಬಿಕ್ಸ್ ಎಂಬ ಮುಕ್ತ ತಂತ್ರಾಂಶವನ್ನೇ ನೋಡಿ. ಅದರ ಕೇಂದ್ರ ಸರ್ವರ್ ಸಾಮಾನ್ಯವಾಗಿ 10050ನೇ ಪೋರ್ಟ್‌ನಲ್ಲಿ ಏಜೆಂಟನ್ನು ಕೇಳುತ್ತದೆ. 'ಕನೆಕ್ಷನ್ ರೆಫ್ಯೂಸ್ಡ್' ಎಂಬ ಉತ್ತರ ಬಂದರೆ ಯಂತ್ರ ಜೀವಂತವಿದೆ, ಬಹುತೇಕ ಏಜೆಂಟ್ ನಿಂತಿದೆ ಎಂದರ್ಥ. ಉತ್ತರವೇ ಬಾರದೆ ಸಮಯ ಮೀರಿದರೆ ನಡುವೆ ಫೈರ್‌ವಾಲ್ ತಡೆದಿರಬಹುದು, ಇಲ್ಲವೇ ಯಂತ್ರವೇ ಆಫ್ ಆಗಿರಬಹುದು. ಸಂಪರ್ಕವಾಗಿಯೂ ಖಾಲಿ ಉತ್ತರ ಬಂದರೆ, ಏಜೆಂಟ್‌ನ ಕಡತದಲ್ಲಿ ಬರೆದಿರುವ ಸರ್ವರ್ ವಿಳಾಸ ಹಳೆಯದಿರಬೇಕು. ಕೇಳುತ್ತಿರುವವರು ಯಾರೆಂದು ಗುರುತು ಸಿಗದೆ ಏಜೆಂಟ್ ಬಾಗಿಲು ಹಾಕಿಕೊಂಡಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ಅವಸರಕ್ಕೆ ಫೈರ್‌ವಾಲನ್ನೇ ಆಫ್ ಮಾಡುವುದು, ಯಾವ ವಿಳಾಸದಿಂದ ಬಂದರೂ ಉತ್ತರಿಸು ಎಂದು ಏಜೆಂಟ್‌ಗೆ ಹೇಳುವುದು ಅಕ್ಷಮ್ಯ. ಹೊರಗಿನಿಂದ ಒಳಬರುವ ದಾರಿ ತೆರೆಯಲಾಗದ ಕಡೆ ಏಜೆಂಟೇ ಕೇಂದ್ರದ 10051ನೇ ಪೋರ್ಟ್‌ಗೆ ಹೋಗಿ ವರದಿ ಕೊಡುವ ವಿಧಾನವೂ ಇದೆ. ಆಗ ಏಜೆಂಟ್ ಹೇಳುವ ಹೆಸರೂ ಕೇಂದ್ರದಲ್ಲಿ ನಮೂದಾದ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದಕ್ಷರ ತಪ್ಪಿದರೂ ವರದಿ ದಾಖಲಾಗುವುದಿಲ್ಲ.

ಈ ಕೆಲಸದಲ್ಲಿರುವವರು ಎತ್ತುವ ಆಕ್ಷೇಪ ನ್ಯಾಯವಾದದ್ದೇ. ಒಂದು ಸ್ವಿಚ್ ಕೆಟ್ಟರೆ ಅದರ ಹಿಂದಿನ ನೂರಾರು ಏಜೆಂಟ್‌ಗಳು ಒಟ್ಟಿಗೇ ಕಾಣೆಯಾಗುತ್ತವೆ, ನೂರಾರು ಅಲಾರಂ ಹೊಡೆದುಕೊಳ್ಳುತ್ತವೆ. ಬೆಂಗಳೂರಿನ ಕಚೇರಿಗಳಲ್ಲಿ ರಾತ್ರಿ ಪಾಳಿಯಲ್ಲಿ ಕೂತು ದೂರದೇಶದ ಸರ್ವರ್‌ಗಳನ್ನು ಕಾಯುವವರಿಗೆ ಈ ಗದ್ದಲದ ದಣಿವು ಹೊಸದಲ್ಲ. ಪದೇಪದೇ ಸುಳ್ಳು ಅಲಾರಂ ಬಂದರೆ ಯಾರೇ ಆದರೂ ಅದನ್ನು ಮ್ಯೂಟ್ ಮಾಡುತ್ತಾರೆ. ಆದರೆ ಅದಕ್ಕೆ ಪರಿಹಾರ ಮೌನವಾಗಲಾರದು. ಯಾವ ಸರ್ವರ್ ಯಾವ ಸ್ವಿಚ್‌ನ ಹಿಂದಿದೆ ಎಂಬ ಅವಲಂಬನೆಯನ್ನು ವ್ಯವಸ್ಥೆಯಲ್ಲಿ ಮೊದಲೇ ಬರೆದಿಟ್ಟರೆ ನೂರರ ಬದಲು ಒಂದೇ ಅಲಾರಂ ಬರುತ್ತದೆ. ಕ್ಷಣಕಾಲ ತಪ್ಪಿ ಮರಳುವ ಸಂಪರ್ಕಕ್ಕೆ ಎಚ್ಚರಿಸದೆ, ಐದು ನಿಮಿಷ ವರದಿ ಬಾರದಿದ್ದರೆ ಮಾತ್ರ ಎಬ್ಬಿಸು ಎಂದೂ ಹೇಳಬಹುದು. ಈ ಸೌಲಭ್ಯಗಳು ವರ್ಷಗಳಿಂದ ಇವೆ. ಅವನ್ನು ಹೊಂದಿಸುವ ಎರಡು ದಿನದ ಕೆಲಸಕ್ಕೆ ಸಿಬ್ಬಂದಿಗೆ ಬಿಡುವು ಕೊಡಬೇಕಾದವರು ಮೇಲಧಿಕಾರಿಗಳು. ಕಾಯುವವನನ್ನು ಕಾಯುವವರು ಯಾರು, ಇದಕ್ಕೆ ಕೊನೆಯೆಲ್ಲಿ ಎಂಬ ಪ್ರಶ್ನೆಯೂ ಉಂಟು. ಕೊನೆಯಿಲ್ಲದ ಸರಪಳಿ ಬೇಕಿಲ್ಲ; ಮುಖ್ಯ ವ್ಯವಸ್ಥೆ ಬದುಕಿದೆಯೇ ಎಂದು ಬೇರೊಂದು ಜಾಲದಿಂದ ನೋಡುವ ಒಂದು ಸಣ್ಣ ಯಂತ್ರ ಸಾಕು. ಅಲಾರಂ ತಂತ್ರಾಂಶ ನಿಂತಿದೆ ಎಂದು ಆಪರೇಟರ್‌ಗಳಿಗೆ ಹೇಳುವಂಥದ್ದು ಫಸ್ಟ್‌ಎನರ್ಜಿಯಲ್ಲಿ ಏನೂ ಇರಲಿಲ್ಲ.

ನಮ್ಮ ಆಸ್ಪತ್ರೆ, ನೀರು ಸರಬರಾಜು, ವಿದ್ಯುತ್ ಸಂಸ್ಥೆಗಳಿಗೆ ಮಾನಿಟರಿಂಗ್ ವ್ಯವಸ್ಥೆ ಕೊಳ್ಳುವ ಅಧಿಕಾರಿಗಳಲ್ಲಿ ಒಂದು ವಿನಂತಿ: ಟೆಂಡರ್‌ನಲ್ಲಿ ಎಷ್ಟು ಸರ್ವರ್, ಎಷ್ಟು ಪರದೆ ಎಂದು ಬರೆಯುವ ಜೊತೆಗೆ, ಏಜೆಂಟ್ ಮಾತು ನಿಲ್ಲಿಸಿದರೆ ಎಷ್ಟು ನಿಮಿಷದಲ್ಲಿ ಯಾರಿಗೆ ತಿಳಿಯಬೇಕು ಎಂಬುದನ್ನೂ ಬರೆಯಿರಿ. ವ್ಯವಸ್ಥೆಯನ್ನು ಒಪ್ಪಿಸಿಕೊಳ್ಳುವ ದಿನ ಒಂದು ಏಜೆಂಟನ್ನು ನಿಮ್ಮ ಎದುರಿಗೇ ನಿಲ್ಲಿಸಿ ಪರೀಕ್ಷಿಸಿ. ಯಾರ ಫೋನೂ ಹೊಡೆದುಕೊಳ್ಳದಿದ್ದರೆ ಬಿಲ್‌ಗೆ ಸಹಿ ಹಾಕಬೇಡಿ.