ಬೆಳೆ ಕೈಕೊಟ್ಟ ಕಾಲದ ಸಂತೋಷ

ಕಷ್ಟದಲ್ಲಿಯೂ ಸಂತೋಷಪಡಬೇಕೆಂಬ ಕ್ರೈಸ್ತ ಬೋಧನೆಯನ್ನು ಎರಡು ಕಡೆಯಿಂದ ತಪ್ಪಾಗಿ ತಿಳಿಯಲಾಗಿದೆ. ಹೊರಗಿನವರಿಗೆ ಅದು ನೋವನ್ನು ಮರೆಸುವ ಮಂಪರಿನಂತೆ ಕಾಣುತ್ತದೆ. ಒಳಗಿನವರಲ್ಲಿ ಹಲವರು ಅದನ್ನು ದೇವರೊಡನೆ ಮಾಡಿಕೊಂಡ ಕರಾರೆಂದು ಭಾವಿಸಿ, ನಂಬಿದವನ ಸಾಲ ತೀರುತ್ತದೆ, ರೋಗ ವಾಸಿಯಾಗುತ್ತದೆ, ಬೆಳೆ ಕೈಗೆ ಬರುತ್ತದೆ ಎಂದು ಸಾರುತ್ತಾರೆ. ಸಮೃದ್ಧಿಯ ಬೋಧನೆ ಎಂದು ಕರೆಯಲಾಗುವ ಈ ಎರಡನೆಯ ನಿಲುವು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಬೆಳೆ ಕೈಕೊಟ್ಟ ದಿನ ಅದು ರೈತನ ನಷ್ಟದ ಮೇಲೆ ಅವಿಶ್ವಾಸದ ಆರೋಪವನ್ನೂ ಹೇರುತ್ತದೆ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಬದುಕಿಗೆ ಬೈಬಲ್ಲಿನ ಪುಸ್ತಕಗಳಲ್ಲಿ ಹಬಕ್ಕೂಕನದು ತೀರ ಹತ್ತಿರದ್ದು. ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲದ ಧಾನ್ಯ, ಹಟ್ಟಿಯ ಕುರಿ, ಕೊಟ್ಟಿಗೆಯ ದನ, ಹೀಗೆ ಒಂದೊಂದನ್ನೇ ಹೆಸರಿಸಿ, ಇವೆಲ್ಲ ಇಲ್ಲವಾದರೂ ದೇವರಲ್ಲಿ ಉಲ್ಲಾಸಪಡುವೆನೆಂದು ಆ ಪ್ರವಾದಿ ಹೇಳುತ್ತಾನೆ. ತುಂಗಭದ್ರೆಯ ಕಾಲುವೆಯ ನೀರನ್ನು ನಂಬಿ, ಹೊಲವನ್ನು ಗುತ್ತಿಗೆಗೆ ಹಿಡಿದು, ಗೊಬ್ಬರವನ್ನು ಸಾಲಕ್ಕೆ ತಂದು ಭತ್ತ ಬೆಳೆದವನಿಗೆ, ಕೊಯ್ಲಿನ ಹೊತ್ತಿಗೆ ಸುರಿದ ಅಕಾಲಿಕ ಮಳೆಗೆ ಪೈರು ನೆಲಕ್ಕೊರಗಿ ತೆನೆಯ ಕಾಳು ನಿಂತ ನೀರಿನಲ್ಲೇ ಮೊಳಕೆಯೊಡೆಯುವುದನ್ನು ಕಂಡವನಿಗೆ, ಆ ಪಟ್ಟಿಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ, ತುಂಬಿದ್ದ ಜಲಾಶಯದ ನೀರು ಕಣ್ಣೆದುರೇ ಹರಿದುಹೋಗುತ್ತಿದ್ದ ಆ ದಿನಗಳಲ್ಲಿ, ಈ ಭಾಗದ ರೈತರೆಲ್ಲ ಇದ್ದದ್ದು ಆ ಪ್ರವಾದಿಯ ಆತಂಕದಲ್ಲಿಯೇ. ಗಮನಿಸಬೇಕಾದ ಸಂಗತಿಯೆಂದರೆ, ಹಬಕ್ಕೂಕನ ಪುಸ್ತಕದ ಕೊನೆಯಲ್ಲಿ ಹೊಲ ಮತ್ತೆ ಹಸಿರಾಗುವುದಿಲ್ಲ, ಕೊಟ್ಟಿಗೆ ತುಂಬುವುದಿಲ್ಲ. ಅಷ್ಟೇ ಅಲ್ಲ, ಆ ಪುಸ್ತಕ ಆರಂಭವಾಗುವುದೇ ಎಷ್ಟು ಮೊರೆಯಿಟ್ಟರೂ ದೇವರು ಕೇಳುತ್ತಿಲ್ಲವೆಂಬ ನೇರ ದೂರಿನಿಂದ. ಶೋಕವನ್ನು ದೇವರ ಮುಂದೆಯೇ ಬಾಯಿಬಿಟ್ಟು ಹೇಳುವ ಇಂಥ ಪ್ರಾರ್ಥನೆಗೆ ಪ್ರಲಾಪ ಎಂದು ಹೆಸರು, ಕೀರ್ತನೆಗಳ ಗ್ರಂಥದಲ್ಲಿ ಅದರ ಪಾಲು ದೊಡ್ಡದು.

ಹಾಗಿದ್ದರೆ ಏನೂ ಬದಲಾಗದಿರುವಾಗ ಸಂತೋಷಕ್ಕೆ ಆಧಾರವೇನು ಎಂಬ ಪ್ರಶ್ನೆಗೆ ಕ್ರೈಸ್ತ ಚಿಂತನೆ ಕೊಡುವ ಉತ್ತರ ಕೃಪೆ, ಅಂದರೆ ಮನುಷ್ಯನ ಅರ್ಹತೆಯನ್ನು ಲೆಕ್ಕಿಸದೆ ದೇವರು ತೋರುವ ದಯೆ. ಗೆಲುವಿನಿಂದ ಗಳಿಸಿದ್ದಲ್ಲವಾದ್ದರಿಂದ ಅದು ಸೋಲಿನಿಂದ ಕಳೆದುಹೋಗುವುದೂ ಇಲ್ಲ. ಲೋಕದ ಕಣ್ಣಿಗೆ ಪೂರ್ತಿ ಸೋಲಾಗಿ ಕಂಡ ಶಿಲುಬೆಯನ್ನೇ ದೇವರ ಪ್ರೀತಿಯ ಗುರುತೆಂದು ನಂಬುವ ಧರ್ಮದಲ್ಲಿ, ಸೋತವನು ದೇವರಿಂದ ದೂರವಾದವನು ಎನ್ನಲು ಜಾಗವೇ ಉಳಿಯುವುದಿಲ್ಲ.

ಸೋಲಿನಿಂದ ಕಳೆದುಹೋಗದ ಇಂಥ ಸಂತೋಷಕ್ಕೆ ಬಳ್ಳಾರಿಯ ಚರಿತ್ರೆಯಲ್ಲಿಯೂ ಒಂದು ನಿದರ್ಶನವಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ಬೈಬಲ್ಲಿನ ಅನುವಾದಕ್ಕೆ ಕೈಹಾಕಿದರು. ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1831 ಬಂದಿತ್ತು. ಅವರ ಸಹೋದ್ಯೋಗಿ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. ಹ್ಯಾಂಡ್ಸ್ ಅವರ ಅನುವಾದವನ್ನು ಮುಂದಿನ ತಲೆಮಾರಿನವರು ಪರಿಷ್ಕರಿಸಿದರು, ರೀವ್ ಅವರ ನಿಘಂಟು 1894ರ ಕಿಟ್ಟೆಲ್ ನಿಘಂಟಿನ ಮುಂದೆ ಮರೆಗೆ ಸರಿಯಿತು. ಎರಡು ದಶಕಗಳ ದುಡಿಮೆ ಹೀಗೆ ಬದಿಗೆ ಸರಿದದ್ದನ್ನು ಸೋಲೆಂದು ಕರೆಯಬಹುದು. ಆದರೆ ತನ್ನ ಹೆಸರು ಉಳಿಯುವುದರಿಂದಲ್ಲ, ಕೆಲಸ ಮುಂದುವರಿಯುವುದರಿಂದ ಸಂತೋಷಪಡುವವನಿಗೆ ಅದು ಸೋಲಲ್ಲ. ವಿಶ್ವಾಸವು ಮನುಷ್ಯನಿಗೆ ಕೊಡುವ ದೊಡ್ಡ ಬಿಡುಗಡೆಗಳಲ್ಲಿ ಇದೂ ಒಂದು.

ಹಸಿದವನಿಗೆ ಸಂತೋಷಪಡು ಎಂದು ಹೇಳುವುದು ಕ್ರೌರ್ಯವಲ್ಲವೇ ಎಂಬ ಆಕ್ಷೇಪವನ್ನು ಲಘುವಾಗಿ ಕಾಣುವಂತಿಲ್ಲ. ಧಾತು–ಈಶ್ವರ ಸಂವತ್ಸರಗಳ ಬರವೆಂದು ಜನ ನೆನೆಯುವ 1876–78ರ ಕ್ಷಾಮದಲ್ಲಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದಾಗಿತ್ತು. ಅಂಥ ಹೊತ್ತಿನಲ್ಲಿ ಬರಿಯ ಉಪದೇಶ ಪಾಪವೇ ಸರಿ, ಇದನ್ನು ಬೈಬಲ್ಲೂ ಒಪ್ಪುತ್ತದೆ. ಕಷ್ಟಗಳನ್ನು ಸಂತೋಷಕರವೆಂದು ಎಣಿಸಲು ಹೇಳುವ ಯಾಕೋಬನ ಪತ್ರಿಕೆಯೇ, ಅನ್ನಬಟ್ಟೆಗಳಿಲ್ಲದವನನ್ನು ಶುಭ ಹಾರೈಸಿ ಬರಿಗೈಯಲ್ಲಿ ಕಳುಹಿಸುವವನ ನಂಬಿಕೆ ಸತ್ತದ್ದೆಂದು ಕಟುವಾಗಿ ನುಡಿಯುತ್ತದೆ. ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ಸಂತೋಷವನ್ನು ಮತ್ತೆ ಮತ್ತೆ ಹೆಸರಿಸುತ್ತದೆ, ನಿಜ. ಆದರೆ ಅದೇ ಪತ್ರಿಕೆಯಲ್ಲಿ ಸಾವಿನಂಚಿಗೆ ಹೋಗಿದ್ದ ಜೊತೆಗಾರನ ಕುರಿತ ಸಂಕಟವೂ, ಊರವರು ಕಳುಹಿಸಿದ ನೆರವಿಗೆ ಸಲ್ಲಿಸಿದ ಕೃತಜ್ಞತೆಯೂ ಇವೆ. ಸೆರೆಯಲ್ಲಿದ್ದವನ ಸಂತೋಷಕ್ಕೂ ಹೊರಗಿದ್ದವರ ಕೈ ಬೇಕಾಯಿತು.

ಆದುದರಿಂದ ಈ ಭಾಗದ ಸಭೆಗಳು ಒಂದು ರೂಢಿಯನ್ನು ತಿದ್ದಿಕೊಳ್ಳುವುದು ಅಗತ್ಯ. ಆರಾಧನೆಯಲ್ಲಿ ಸಾಕ್ಷಿ ಹೇಳುವ ಸಮಯ, ಅಂದರೆ ದೇವರಿಂದಾದ ಉಪಕಾರವನ್ನು ವಿಶ್ವಾಸಿಗಳು ಎದ್ದು ನಿಂತು ಹೇಳುವ ಸಮಯ, ಹೆಚ್ಚಾಗಿ ಗುಣವಾದವರಿಗೆ, ಕೆಲಸ ಸಿಕ್ಕವರಿಗೆ, ಸಾಲ ತೀರಿದವರಿಗೆ ಮೀಸಲಾಗಿಬಿಡುತ್ತದೆ. ಮೆಣಸಿನಕಾಯಿಗೆ ಬೆಲೆ ಸಿಗದೆ ಸಾಲ ಹಾಗೆಯೇ ಉಳಿದಿರುವ ಕುರುಗೋಡಿನ ರೈತನೂ, ಎರಡನೇ ಬೆಳೆಗೆ ನೀರು ಬಾರದೆ ಕೂಲಿ ಹುಡುಕಿಕೊಂಡು ಹೊರಟ ಸಿರುಗುಪ್ಪದ ಹೆಂಗಸೂ ಎದ್ದು ನಿಂತು, ತಮಗೆ ಇನ್ನೂ ಏನೂ ಆಗಿಲ್ಲವೆಂದು ಹೇಳುವಂತಾಗಲಿ. ಸಭೆ ಅದನ್ನೂ ಸಾಕ್ಷಿಯೆಂದೇ ಕೇಳಲಿ, ಕೇಳಿದ ಮೇಲೆ ಅವರ ಮನೆಗೆ ಹೋಗಲಿ.