ಸಿ.ಎ. ಆಗುವುದು: ಪರೀಕ್ಷೆಗಿಂತ ಎತ್ತರದ ಗೋಡೆಗಳು

ಲೆಕ್ಕ ಹಾಕಿದರೆ ಸಲೀಸು. ದ್ವಿತೀಯ ಪಿಯುಸಿ ಮುಗಿಸಿ ಫೌಂಡೇಷನ್‌ಗೆ ನಾಲ್ಕು ತಿಂಗಳ ಓದು, ಇಂಟರ್‌ಮೀಡಿಯೆಟ್‌ಗೆ ಎಂಟು ತಿಂಗಳು, ಆಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್, ಮತ್ತೆ ಆರು ತಿಂಗಳು ಓದಿ ಫೈನಲ್. ಒಟ್ಟು 42 ತಿಂಗಳು. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಯೋಜನೆಯ ಪ್ರಕಾರ ಇಷ್ಟರಲ್ಲಿ ಲೆಕ್ಕಪರಿಶೋಧಕರಾಗಬಹುದು. ವಾಣಿಜ್ಯ ಪದವಿಯಲ್ಲಿ ಶೇ 55, ಬೇರೆ ಪದವಿಯಲ್ಲಿ ಶೇ 60 ಅಂಕ ಪಡೆದವರಿಗೆ ಫೌಂಡೇಷನ್ ಕೂಡ ಬೇಕಿಲ್ಲ. ಕೋಚಿಂಗ್ ಖರ್ಚು ಬಿಟ್ಟರೆ ಸಿ.ಎ. ಪರೀಕ್ಷೆ ನಡೆಸುವ ಸಂಸ್ಥೆಗೆ ಕಟ್ಟುವ ನೋಂದಣಿ, ತರಬೇತಿ, ಪರೀಕ್ಷಾ ಶುಲ್ಕಗಳೆಲ್ಲ ಸೇರಿ ಸುಮಾರು ಒಂದು ಲಕ್ಷ ರೂಪಾಯಿಯೊಳಗೆ ಮುಗಿಯುತ್ತವೆ. ಡೊನೇಷನ್ ಇಲ್ಲ, ಮ್ಯಾನೇಜ್‌ಮೆಂಟ್ ಕೋಟಾ ಇಲ್ಲ, ಸೀಟಿಗೆ ಮಿತಿಯೇ ಇಲ್ಲ. ಹಾಗಾಗಿ ‘ಓದುವ ಛಲವಿದ್ದರೆ ಯಾರು ಬೇಕಾದರೂ ಸಿ.ಎ. ಆಗಬಹುದು’ ಎಂಬ ಮಾತು ನಮ್ಮ ಕಾಮರ್ಸ್ ಕಾಲೇಜುಗಳಲ್ಲಿ ಬೇರೂರಿದೆ. ಈ ಮಾತು ಅರ್ಧ ನಿಜ.

ಪರೀಕ್ಷೆ ಕಠಿಣ, ನಿಜ. ಪ್ರತಿ ಪತ್ರಿಕೆಯಲ್ಲಿ 40 ಅಂಕ ಬರಬೇಕು, ಮೂರು ಪತ್ರಿಕೆಗಳ ಒಂದು ಗ್ರೂಪಿನ ಒಟ್ಟು ಅಂಕ ಶೇ 50 ಮುಟ್ಟಬೇಕು. ಮೂರು ಪತ್ರಿಕೆಗಳಲ್ಲಿ 58, 55, 39 ತೆಗೆದವಳು ಸರಾಸರಿ ದಾಟಿಯೂ ಫೇಲು. ಎರಡೂ ಗ್ರೂಪನ್ನು ಒಟ್ಟಿಗೆ ಬರೆದವರಲ್ಲಿ ತೇರ್ಗಡೆಯಾಗುವವರು ಇತ್ತೀಚಿನ ವರ್ಷಗಳಲ್ಲಿ ಶೇ 20 ದಾಟಿದ್ದು ಅಪರೂಪ. ಇದರ ಬಗ್ಗೆ ನನ್ನ ತಕರಾರಿಲ್ಲ. ಕಂಪನಿ ಕಾಯ್ದೆಯ ಪ್ರಕಾರ ಕಂಪನಿಯೊಂದರ ಲೆಕ್ಕಪತ್ರಕ್ಕೆ ಆಡಿಟರ್ ಆಗಿ ಸಹಿ ಹಾಕುವ ಅಧಿಕಾರ ಇರುವುದು ಸಿ.ಎ.ಗಳಿಗೆ ಮಾತ್ರ. ಆ ಸಹಿ ನಂಬಿ ಬ್ಯಾಂಕು ಸಾಲ ಕೊಡುತ್ತದೆ, ಜನ ಷೇರು ಕೊಳ್ಳುತ್ತಾರೆ. ಜರಡಿಯ ಕಣ್ಣು ಸಣ್ಣದಿರಲಿ. ತಕರಾರಿರುವುದು ಜರಡಿಯ ತನಕ ಬರಲು ಯಾರಿಗೆ ಸಾಧ್ಯವಾಗುತ್ತಿದೆ ಎಂಬುದರ ಬಗ್ಗೆ.

ಮೊದಲ ಗೋಡೆ ಭಾಷೆಯದು. ನಮ್ಮಲ್ಲಿ ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರವನ್ನು ಕನ್ನಡದಲ್ಲೇ ಓದಿ, ಅಢಾವೆ ಪತ್ರಿಕೆ ತಾಳೆ ಮಾಡಿ ನೂರರ ಹತ್ತಿರ ಅಂಕ ಗಳಿಸುವ ಮಕ್ಕಳಿದ್ದಾರೆ. ಅವರು ಸಿ.ಎ. ಪರೀಕ್ಷೆ ಬರೆಯಬೇಕೆಂದರೆ ಇರುವ ಆಯ್ಕೆ ಎರಡೇ: ಇಂಗ್ಲಿಷ್ ಅಥವಾ ಹಿಂದಿ. ಕಾಯ್ದೆ, ಲೆಕ್ಕದ ಮಾನದಂಡ, ಆಡಿಟ್ ವರದಿ ಎಲ್ಲ ಇಂಗ್ಲಿಷಿನಲ್ಲಿರುವಾಗ ಕನ್ನಡದಲ್ಲಿ ಪರೀಕ್ಷೆ ಯಾಕೆ ಎಂದು ಕೇಳುವವರಿದ್ದಾರೆ. ಅದೇ ವಾದ ಹಿಂದಿಗೂ ಅನ್ವಯಿಸಬೇಕಲ್ಲ? ಫೈನಲ್ ತನಕ ಹಿಂದಿಯಲ್ಲಿ ಬರೆದವರು ಇಂಗ್ಲಿಷ್ ಕಾಯ್ದೆಯ ಜೊತೆ ಏಗಬಲ್ಲರಾದರೆ ಕನ್ನಡದವರೂ ಏಗುತ್ತಾರೆ. ನೀಟ್, ಜೆಇಇ ಮೇನ್ ಈಗ ಕನ್ನಡದಲ್ಲಿವೆ. ವಕೀಲರ ಅಖಿಲ ಭಾರತ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. 1949ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆ ಮಾತ್ರ ಹಿಂದೆ ಉಳಿದಿದೆ.

ಎರಡನೆಯದು ಆರ್ಟಿಕಲ್‌ಶಿಪ್. ಇದರ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ವೃತ್ತಿನಿರತ ಸಿ.ಎ. ಒಬ್ಬರ ಆಫೀಸಿನಲ್ಲಿ ಕೂತು ವೋಚರ್‌ಗೆ ಟಿಕ್ ಹಾಕುವುದು, ಪಾಸ್‌ಬುಕ್ಕಿಗೂ ಲೆಡ್ಜರಿಗೂ ಹೊಂದಾಣಿಕೆ ಮಾಡುವುದು, ಮಾರ್ಚ್ 31ರಂದು ಗೋದಾಮಿನಲ್ಲಿ ದಾಸ್ತಾನು ಎಣಿಸುವುದು, ಏಪ್ರಿಲ್ ಬಂತೆಂದರೆ ಬ್ಯಾಂಕ್ ಶಾಖೆಗಳಿಗೆ ಹೋಗಿ 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದ ಸಾಲ ಹುಡುಕುವುದು. ಬೇಸರದ ಕೆಲಸವೇ. ಆದರೆ ವೃತ್ತಿಯ ಜೀವ ಇರುವುದು ಇಲ್ಲಿ. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡಂತೆ, ಕಂಪನಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಕಂಪನಿಯವರು ತಂದುಕೊಟ್ಟ ಕಾಗದ ನಂಬಬೇಡ, ಬ್ಯಾಂಕಿಗೆ ನೇರ ಪತ್ರ ಬರೆದು ಉತ್ತರ ತರಿಸಿಕೋ ಎಂಬುದು ಆರ್ಟಿಕಲ್ ಹುಡುಗರು ಆರಂಭದಲ್ಲೇ ಕಲಿಯಬೇಕಾದ ಪಾಠ.

ಈ ತರಬೇತಿಯನ್ನು ಹೊಸ ಯೋಜನೆ ಮೂರು ವರ್ಷದಿಂದ ಎರಡಕ್ಕೆ ಇಳಿಸಿತು. ಓದಿಗೆ ಸಮಯ ಸಿಗಲಿ ಎಂಬ ಉದ್ದೇಶ ಒಪ್ಪತಕ್ಕದ್ದು. ಆದರೆ ಉಳಿದ ಎರಡು ವರ್ಷವನ್ನೂ ನುಂಗುವ ರೋಗವೊಂದಿದೆ. ಅದು ‘ಡಮ್ಮಿ’ ಆರ್ಟಿಕಲ್‌ಶಿಪ್. ಹೆಸರು ಒಂದು ಆಫೀಸಿನಲ್ಲಿ, ವಿದ್ಯಾರ್ಥಿ ಮನೆಯಲ್ಲಿ ಪುಸ್ತಕದ ಮುಂದೆ. ಸ್ಟೈಪೆಂಡ್ ಕಾಗದದ ಮೇಲಷ್ಟೆ. ಇದು ನಿಷಿದ್ಧವೆಂದು ಎಲ್ಲರಿಗೂ ಗೊತ್ತು, ನಡೆಯುತ್ತದೆಂದೂ ಗೊತ್ತು. ಮನೆಯವರು ಸಾಕಬಲ್ಲ ಹುಡುಗ ಈ ದಾರಿ ಹಿಡಿದು ಹಗಲೂ ರಾತ್ರಿ ಓದಿ ಫೈನಲ್ ಗೆಲ್ಲುತ್ತಾನೆ. ಪ್ರಾಮಾಣಿಕವಾಗಿ ದುಡಿದು ರಾತ್ರಿ ಹತ್ತಕ್ಕೆ ಪಿ.ಜಿ.ಗೆ ಮರಳುವ ಸಿಂಧನೂರಿನ ಹುಡುಗಿ ಅದೇ ಪರೀಕ್ಷೆಯಲ್ಲಿ 39ಕ್ಕೆ ನಿಲ್ಲುತ್ತಾಳೆ.

ಮತ್ತೆ ದುಡ್ಡು. ಹಳೆಯ ಕಾಲದಲ್ಲಿ ಕಲಿಯುವವನೇ ಗುರುವಿಗೆ ಪ್ರೀಮಿಯಂ ತೆರಬೇಕಿತ್ತಂತೆ. ಅದಕ್ಕೆ ಹೋಲಿಸಿದರೆ ಇಂದಿನದು ಸುಧಾರಣೆಯೇ. ಊರಿನ ಜನಸಂಖ್ಯೆ ನೋಡಿ ಸಂಸ್ಥೆ ಕನಿಷ್ಠ ಸ್ಟೈಪೆಂಡ್ ನಿಗದಿ ಮಾಡಿದೆ. ದೊಡ್ಡ ಆಡಿಟ್ ಆಫೀಸುಗಳು ಅದಕ್ಕಿಂತ ಬಹಳ ಹೆಚ್ಚು ಕೊಡುತ್ತವೆ, ಸಣ್ಣವು ಕನಿಷ್ಠಕ್ಕೇ ಅಂಟಿಕೊಳ್ಳುತ್ತವೆ. ಆ ಕನಿಷ್ಠದಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆಯೂ ತೀರುವುದಿಲ್ಲ. ಆರ್ಟಿಕಲ್‌ಶಿಪ್ ಮುಗಿದು ಫೈನಲ್ ಬರೆಯುವ ತನಕದ ಆರು ತಿಂಗಳಿಗಂತೂ ಏನೂ ಇಲ್ಲ. ಸಹಪಾಠಿ ಬಿ.ಕಾಂ. ಮುಗಿಸಿ ಸಂಬಳ ತರುತ್ತಿರುವಾಗ ಮಗಳನ್ನು ಹೀಗೆ ಕಾಯಲು ಬಿಡುವುದು ಎಲ್ಲ ಮನೆಗಳಿಗೂ ಆಗದ ಮಾತು. ಒಂದು ಲಕ್ಷದ ಶುಲ್ಕ ಅಗ್ಗ. ಕಾಯುವ ವರ್ಷಗಳು ತುಟ್ಟಿ.

ಊರಲ್ಲೇ ಇದ್ದು ಆರ್ಟಿಕಲ್‌ಶಿಪ್ ಮಾಡಬಹುದಲ್ಲ ಎನ್ನಬಹುದು. ಮಾಡಬಹುದು. ಹುಬ್ಬಳ್ಳಿ, ಕಲಬುರಗಿ, ಬಳ್ಳಾರಿ, ಉಡುಪಿಯಲ್ಲಿ ಸಂಸ್ಥೆಯ ಶಾಖೆಗಳಿವೆ, ಒಳ್ಳೆಯ ಆಡಿಟರುಗಳೂ ಇದ್ದಾರೆ. ಎಪಿಎಂಸಿ ವರ್ತಕರ ಜಿಎಸ್‌ಟಿ, ಸಹಕಾರ ಸಂಘದ ಲೆಕ್ಕ, ಅಕ್ಕಿ ಗಿರಣಿಯ ತೆರಿಗೆ ಅಲ್ಲಿ ಬೆರಳ ತುದಿಗೆ ಬರುತ್ತದೆ. ಬೆಂಗಳೂರಿನ ದೊಡ್ಡ ಆಫೀಸಿನಲ್ಲಿ ಎರಡು ವರ್ಷವೂ ಒಂದೇ ಕಂಪನಿಯ ಒಂದೇ ಮೂಲೆ ನೋಡಿದವರಿಗಿಂತ ಇವರ ಕೈ ಪಳಗಿರುತ್ತದೆ ಎಂಬುದು ನನ್ನ ಅಂದಾಜು. ಆದರೆ ಸಂದರ್ಶನಕ್ಕೆ ಕರೆಯುವವರು ಓದುವುದು ಆಫೀಸಿನ ಹೆಸರನ್ನು.

ಸಂಸ್ಥೆಯ ಚುನಾಯಿತ ಮಂಡಳಿಯಲ್ಲಿ ದಕ್ಷಿಣದ ಪ್ರತಿನಿಧಿಗಳಿದ್ದಾರೆ. ರಾಜ್ಯದ ಸದಸ್ಯರು ಅವರಿಗೆ ಮತ ಹಾಕುವ ಮುನ್ನ ಮೂರು ವಿಷಯ ಕೇಳಲಿ: ಫೌಂಡೇಷನ್ ಪರೀಕ್ಷೆ ಕನ್ನಡದಲ್ಲಿ ಯಾವಾಗ, ಕನಿಷ್ಠ ಸ್ಟೈಪೆಂಡ್ ಬಾಡಿಗೆಯ ಮಟ್ಟ ಮುಟ್ಟುವುದು ಯಾವಾಗ, ಡಮ್ಮಿಗೆ ಸಹಿ ಹಾಕುವ ಆಡಿಟರ್‌ನ ಪರವಾನಗಿ ಹೋಗುವುದು ಯಾವಾಗ.