ಸತ್ತ ದೇಹ ಮತ್ತೆ ಯಾಕೆ ಬೇಕು?

ಸಾವಿನ ಮನೆಯಲ್ಲಿ ಕ್ರೈಸ್ತರೂ 'ಆತ್ಮಕ್ಕೆ ಶಾಂತಿ ಸಿಗಲಿ' ಎನ್ನುತ್ತಾರೆ. ದೇಹ ಮಣ್ಣಾಯಿತು, ಆತ್ಮ ಸ್ವರ್ಗ ಸೇರಿತು, ಅಲ್ಲಿಗೆ ಮುಗಿಯಿತು ಎಂಬುದೇ ಅವರ ನಂಬಿಕೆಯೆಂದು ಹೊರಗಿನವರು ತಿಳಿಯುವುದು ಸಹಜ. ಒಳಗಿನವರಲ್ಲೂ ಹಾಗೆ ತಿಳಿದವರು ಕಡಿಮೆಯೇನಿಲ್ಲ. ಆದರೆ ಚರ್ಚಿನಲ್ಲಿ ಅವರೇ ಎದ್ದು ನಿಂತು ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿರುವುದು ಶರೀರದ ಪುನರುತ್ಥಾನದ ಮಾತು. ಆತ್ಮ ದೇವರ ಬಳಿ ಇರುವುದು ನಡುವಿನ ಏರ್ಪಾಟು. ಕಡೆಯ ದಿನ ದೇಹವೂ ಎದ್ದಾಗಲೇ ಮನುಷ್ಯ ಪೂರ್ತಿ ಮನುಷ್ಯ.

ಈ ನಂಬಿಕೆ ಹುಟ್ಟಿದ ಕಾಲಕ್ಕೇ ನಗೆಪಾಟಲಾಗಿತ್ತು. ಅಥೆನ್ಸಿನ ಪಂಡಿತರ ಮುಂದೆ ಆದಿ ಕ್ರೈಸ್ತ ಪ್ರಚಾರಕ ಪೌಲ ಮಾತಾಡಿದಾಗ ದೇವರ ವಿಚಾರವನ್ನೆಲ್ಲ ಕೇಳಿಸಿಕೊಂಡವರು, ಸತ್ತವರು ಏಳುವ ಸಂಗತಿ ಬಂದೊಡನೆ ಗೇಲಿ ಮಾಡಿದರೆಂದು ಬೈಬಲ್ಲೇ ಹೇಳುತ್ತದೆ. ಪ್ಲೇಟೋವಿನ ಪರಂಪರೆಗೆ ದೇಹವೆಂದರೆ ಆತ್ಮದ ಸೆರೆಮನೆ. ಬಿಡುಗಡೆಯಾದವನನ್ನು ಮತ್ತೆ ಒಳಗೆ ತಳ್ಳುವ ದೇವರು ಯಾತರ ದೇವರು? ಗೀತೆ ಕೇಳುತ್ತ ಬೆಳೆದ ಕನ್ನಡಿಗನೂ ಈ ಪ್ರಶ್ನೆ ಕೇಳಿಯಾನು.

ಉತ್ತರ ಸಿಗುವುದು ಪಾಪದ ಕಲ್ಪನೆಯಲ್ಲಿ. ಪೌಲನ ಪತ್ರಗಳಲ್ಲಿ ಶರೀರಭಾವವನ್ನು ಬೈದ ಜಾಗಗಳು ಬೇಕಾದಷ್ಟಿವೆ. ಅದನ್ನೇ ಹಿಡಿದು ಕ್ರೈಸ್ತಧರ್ಮ ದೇಹದ್ವೇಷಿ ಎಂದು ತೀರ್ಪು ಕೊಡುವವರಿದ್ದಾರೆ. ಆದರೆ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಶರೀರಭಾವದ ಕೆಲಸಗಳೆಂದು ಅವನು ಕೊಡುವ ಪಟ್ಟಿಯಲ್ಲಿ ಹಾದರ, ಕುಡಿತದ ಜತೆಗೆ ಹೊಟ್ಟೆಕಿಚ್ಚು, ಜಗಳ, ಗುಂಪುಗಾರಿಕೆಗಳೂ ಇವೆ. ಹೊಟ್ಟೆಕಿಚ್ಚಿಗೆ ಮೈ ಯಾಕೆ ಬೇಕು? ಅವನು ದೂರುತ್ತಿರುವುದು ದೇವರಿಗೆ ಬೆನ್ನು ತಿರುಗಿಸಿದ ಇಡೀ ಬಾಳನ್ನು, ರಕ್ತಮಾಂಸವನ್ನಲ್ಲ. ಅದೇ ಪೌಲ ಇನ್ನೊಂದು ಪತ್ರದಲ್ಲಿ ದೇಹವನ್ನು ಪವಿತ್ರಾತ್ಮನ ಗುಡಿ ಎಂದೂ ಕರೆದಿದ್ದಾನೆ.

ಇದನ್ನು ಬಿಡಿಸಿ ಹೇಳಿದವನು ಉತ್ತರ ಆಫ್ರಿಕದ ಸಂತ ಅಗಸ್ಟೀನ್ (354–430). ಪ್ರಾಯದಲ್ಲಿ ಸುಮಾರು ಒಂಬತ್ತು ವರ್ಷ ಅವನು ಮಾನಿ ಎಂಬ ಪ್ರವಾದಿಯ ಪಂಥದಲ್ಲಿದ್ದವನು. ಜಡವಸ್ತುವೇ ಕೆಟ್ಟದ್ದು, ದೇಹ ಕತ್ತಲೆಯ ಸೃಷ್ಟಿ ಎಂಬುದು ಆ ಪಂಥದ ಬೋಧನೆ. ಅದರಿಂದ ಹೊರಬಂದು 387ರಲ್ಲಿ ದೀಕ್ಷಾಸ್ನಾನ ಪಡೆದ ಅಗಸ್ಟೀನ್, ಮುಂದೆ 'ದೇವನಗರ' ಎಂಬ ಮಹಾಗ್ರಂಥದಲ್ಲಿ ಒಂದು ಚುರುಕು ವಾದ ಹೂಡುತ್ತಾನೆ: ಸೈತಾನನಿಗೆ ದೇಹವೇ ಇಲ್ಲ, ಆದರೂ ಅವನಷ್ಟು ಗರ್ವಿ, ಅಸೂಯೆಗಾರ ಇನ್ನೊಬ್ಬನಿಲ್ಲ. ಹಾಗಾದರೆ ಪಾಪದ ಬೇರು ಇಚ್ಛೆಯಲ್ಲಿದೆ. ಕೆಟ್ಟ ದೇಹ ಆತ್ಮವನ್ನು ಕೆಡಿಸಲಿಲ್ಲ. ತಪ್ಪಿದ ಆತ್ಮವೇ ದೇಹಕ್ಕೆ ಸಾವು ತಂದಿತು. ಸಾವು ಹೀಗೆ ಪಾಪದ ಫಲವಾದರೆ, ಸಾವನ್ನು ಗೆಲ್ಲದೆ ಬರೀ ಆತ್ಮವನ್ನು ಪಾರುಮಾಡುವುದು ಅರ್ಧ ರಕ್ಷಣೆ.

ಒಪ್ಪಬೇಕಾದ ಇನ್ನೊಂದು ಮುಖವೂ ಇದೆ. ಆದಾಮನ ಪಾಪದ ಅಪರಾಧ ಹುಟ್ಟಿನಿಂದಲೇ ಎಲ್ಲರಿಗೂ ಅಂಟುತ್ತದೆ ಎಂಬ ಸಿದ್ಧಾಂತಕ್ಕೆ ಗಟ್ಟಿ ರೂಪ ಕೊಟ್ಟವನೂ ಅಗಸ್ಟೀನನೇ. ಅದರಲ್ಲಿ ಕಾಮದ ಬಗೆಗಿನ ಅವನ ಅಳುಕು ಢಾಳಾಗಿ ಕಾಣುತ್ತದೆ. ತತ್ತ್ವದಲ್ಲಿ ದೇಹಕ್ಕೆ ಮಾನ ಉಳಿಸಿದವನೇ ಪಶ್ಚಿಮದ ಕ್ರೈಸ್ತರಿಗೆ ಮೈಯ ಬಗ್ಗೆ ನಾಚಿಕೆಯನ್ನೂ ಕಲಿಸಿದ ಎಂದರೆ ಅನ್ಯಾಯವಾಗದು. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಹುಟ್ಟಿನ ಪಾಪದ ಈ ಸಿದ್ಧಾಂತವನ್ನು ಹೀಗೆ ಒಪ್ಪಿಲ್ಲ. ಅವುಗಳ ಪ್ರಕಾರ ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದೌರ್ಬಲ್ಯ, ಅಪರಾಧವಲ್ಲ.

ಏಳುವ ದೇಹ ಎಂಥದ್ದು? ಸುವಾರ್ತೆಗಳಲ್ಲಿ ಪುನರುತ್ಥಾನಗೊಂಡ ಯೇಸು ಸುಟ್ಟ ಮೀನು ತಿನ್ನುತ್ತಾನೆ, ಗಾಯ ತೋರಿಸುತ್ತಾನೆ. ಬಾಗಿಲು ಹಾಕಿದ್ದರೂ ಒಳಗೆ ಬಂದು ನಿಲ್ಲುತ್ತಾನೆ. ಅದೇ ದೇಹ, ಆದರೆ ಅದೇ ಥರದ್ದಲ್ಲ. ಪೌಲ ಇದಕ್ಕೆ ಬಿತ್ತಿದ ಕಾಳಿನ ಹೋಲಿಕೆ ಕೊಡುತ್ತಾನೆ: ನೆಲಕ್ಕೆ ಬೀಳುವುದು ಕಾಳು, ಮೇಲೇಳುವುದು ಪೈರು. ಅಷ್ಟಕ್ಕೆ ಜನ ಬಿಡಲಿಲ್ಲ. ಕತ್ತರಿಸಿದ ಕೂದಲು, ಉಗುರುಗಳೂ ಹಿಂತಿರುಗುತ್ತವೆಯೆ? ನರಭಕ್ಷಕ ತಿಂದ ಮಾಂಸ ಕಡೆಗೆ ಯಾರದು? ಹಸುಗೂಸು ಕೂಸಾಗಿಯೇ ಏಳುವುದೆ? ಅಗಸ್ಟೀನ್ ಒಂದನ್ನೂ ತಳ್ಳಿಹಾಕದೆ ಉತ್ತರಿಸುತ್ತಾನೆ. ಕೂಸು ತುಂಬುಪ್ರಾಯದ ಮೈಯಲ್ಲಿ ಏಳುತ್ತದೆ. ಹೆಣ್ಣು ಹೆಣ್ಣಾಗಿಯೇ ಏಳುತ್ತಾಳೆ, ಹೆಣ್ತನ ಊನವಲ್ಲ. ಹುತಾತ್ಮರ ಗಾಯದ ಗುರುತು ಅವರಿಗೆ ಶೋಭೆಯಾಗಿ ಉಳಿಯಬಹುದು. ಇವತ್ತು ಓದಿದರೆ ನಗು ಬರುತ್ತದೆ. ಆದರೆ ಮೈಯ ಚರಿತ್ರೆಯೇ ಮನುಷ್ಯನ ಚರಿತ್ರೆ ಎಂದು ನಂಬಿದವನು ಮಾತ್ರ ಗಾಯದ ಗುರುತಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಾನು.

ಹೂಳುವ ಪದ್ಧತಿ ಬೇರೂರಿದ್ದೂ ಈ ನಂಬಿಕೆಯಿಂದಲೇ. ವಿರೋಧಿಗಳಿಗೂ ಅದು ಗೊತ್ತಿತ್ತು. 177ರಲ್ಲಿ ಈಗಿನ ಫ್ರಾನ್ಸಿನ ಲಿಯಾನ್‌ನಲ್ಲಿ ಕ್ರೈಸ್ತರನ್ನು ಕೊಂದವರು ಶವಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಎಸೆದರು. ಇನ್ನು ಹೇಗೆ ಏಳುತ್ತಾರೋ ನೋಡೋಣ ಎಂಬ ಹಂಗಣೆಯದು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಚರ್ಚಿನ ವಿರೋಧಿಗಳು ಶವದಹನಕ್ಕೆ ಚಳವಳಿಯ ರೂಪ ಕೊಟ್ಟಾಗ, 1886ರಲ್ಲಿ ರೋಮಿನ ಕ್ಯಾಥೊಲಿಕ್ ಚರ್ಚು ಅದನ್ನು ತನ್ನವರಿಗೆ ನಿಷೇಧಿಸಿತು. ನಿಷೇಧ ಸಡಿಲವಾದದ್ದು 1963ರಲ್ಲಿ: ಪುನರುತ್ಥಾನವನ್ನು ಅಲ್ಲಗಳೆಯಲೆಂದು ಸುಡದಿದ್ದರೆ ಅಡ್ಡಿಯಿಲ್ಲ. ಪ್ರಾಟೆಸ್ಟಂಟರಲ್ಲಿ ಬಹುಪಾಲು ಇದು ಕುಟುಂಬಕ್ಕೆ ಬಿಟ್ಟ ವಿಷಯ. ಆರ್ಥೊಡಾಕ್ಸರು ಈಗಲೂ ಒಲ್ಲರು. ಮಂಗಳೂರು, ಉಡುಪಿಯ ಕ್ಯಾಥೊಲಿಕರಲ್ಲಿ ಹೂಳುವುದೇ ರೂಢಿ. ಸತ್ತವರನ್ನು ನೆನೆಯುವ ನವೆಂಬರ್ 2ರಂದು ಮನೆಮಂದಿ ಸಿಮಿತ್ರಿಗೆ, ಎಂದರೆ ಸಮಾಧಿಭೂಮಿಗೆ, ಹೋಗಿ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ.

2016ರಲ್ಲಿ ವ್ಯಾಟಿಕನ್, ಬೂದಿಯನ್ನು ಗಾಳಿಗೆ ತೂರಬಾರದು, ಹಂಚಿಕೊಳ್ಳಬಾರದು, ಪವಿತ್ರ ಸ್ಥಳದಲ್ಲಿಡಬೇಕು ಎಂದಿತು. 2023ರ ಡಿಸೆಂಬರಿನ ಸ್ಪಷ್ಟೀಕರಣದಲ್ಲಿ ಸ್ವಲ್ಪ ಪಾಲನ್ನು ಸತ್ತವರಿಗೆ ಪ್ರಿಯವಾಗಿದ್ದ ಜಾಗದಲ್ಲಿ ಇಡುವ ಬೇಡಿಕೆಯನ್ನು ಪರಿಶೀಲಿಸಬಹುದೆಂದೂ, ಎದ್ದುಬರುವ ದೇಹ ಸಾಯುವ ಮುಂಚಿನ ಅದೇ ಕಣಗಳಿಂದಲೇ ಆಗಬೇಕೆಂದಿಲ್ಲ ಎಂದೂ ಹೇಳಿತು. ಹಲವರ ಬೂದಿಯನ್ನು ಒಂದೇ ಕಡೆ ಬೆರೆಸಿಡುವುದಕ್ಕೂ ಒಪ್ಪಿಗೆ ಸಿಕ್ಕಿದೆ. ಆದರೆ ಷರತ್ತಿದೆ, ಪ್ರತಿಯೊಬ್ಬರ ಹೆಸರೂ ಅಲ್ಲಿ ಬರೆದಿರಬೇಕು.